ಕಿರಿದಾದ ಹಳಿಯ ಮೇಲೆ ವಾಲುವ ರೈಲು ಮಗುಚುವುದಿಲ್ಲವೇ?

ಪ್ರಶ್ನೆ: ಜಪಾನಿನಲ್ಲಿ ನಮ್ಮ ಹಳೆಯ ಮೀಟರ್ ಗೇಜ್‌ಗಿಂತ ಸ್ವಲ್ಪವೇ ಅಗಲವಾದ ಹಳಿಗಳ ಮೇಲೆ, ತಿರುವು ಬಂದಾಗ ಪಕ್ಕಕ್ಕೆ ವಾಲುತ್ತ ಗಂಟೆಗೆ 130 ಕಿ.ಮೀ. ವೇಗದಲ್ಲಿ ರೈಲುಗಳು ಓಡುತ್ತವಂತೆ. ವಾಲಿದರೆ ಬೇಗ ಮಗುಚಬೇಕಲ್ಲವೇ? ಅಂಥ ರೈಲು ಸಕಲೇಶಪುರದ ಘಾಟಿಗೆ ಬಂದರೆ ಮಂಗಳೂರಿನ ಪ್ರಯಾಣ ಬೇಗ ಮುಗಿಯುತ್ತದೆಯೇ?
— ಹಾಸನದ ಓದುಗರೊಬ್ಬರು

ಉತ್ತರ: ವಾಲುವುದರಿಂದ ಮಗುಚುವುದಿಲ್ಲ. ಬೋಗಿ ವಾಲುವುದು ಒಳಗೆ ಕೂತವರ ಸುಖಕ್ಕೆ. ರೈಲು ಹಳಿಯ ಮೇಲೆ ಗಟ್ಟಿಯಾಗಿ ನಿಲ್ಲುವ ಲೆಕ್ಕ ಬೇರೆಯೇ ಇದೆ. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಈ ರೈಲುಗಳ ಬಗ್ಗೆ ಇಲ್ಲದ ಭಯವೂ ಅತಿಯಾದ ಆಸೆಯೂ ಹುಟ್ಟುತ್ತವೆ.

ಶಿಂಕಾನ್ಸೆನ್ ಬುಲೆಟ್ ರೈಲುಗಳ ಹಳಿ ಬಿಟ್ಟರೆ ಜಪಾನಿನ ಬಹುತೇಕ ಮಾರ್ಗಗಳ ಹಳಿಯ ಅಗಲ 1067 ಮಿ.ಮೀ. ಅಂಥ ಮಾರ್ಗದಲ್ಲಿ 600 ಮೀಟರ್ ತ್ರಿಜ್ಯದ ಒಂದು ತಿರುವನ್ನು ತೆಗೆದುಕೊಳ್ಳಿ. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರದಲ್ಲಿ ಕೂರಿಸುತ್ತಾರೆ. ರೈಲ್ವೆಯವರು ಇದನ್ನು ಕ್ಯಾಂಟ್ ಎನ್ನುತ್ತಾರೆ. ಅಲ್ಲಿ ಇದರ ಮಿತಿ 105 ಮಿ.ಮೀ., ಅಂದರೆ ಹಳಿಯೇ ಸುಮಾರು ಐದೂವರೆ ಡಿಗ್ರಿ ಒಳಕ್ಕೆ ಓರೆಯಾಗಿರುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ನಮ್ಮನ್ನು ಹೊರಕ್ಕೆ ತಳ್ಳುವ ಬಲಕ್ಕೆ ಈ ಓರೆ ಬಹುಮಟ್ಟಿಗೆ ಸಾಕು. ಅದೇ ತಿರುವಿನಲ್ಲಿ 120ಕ್ಕೆ ಏರಿದರೆ ಬೇಕಾಗುವ ಓರೆ ಹತ್ತೂವರೆ ಡಿಗ್ರಿ ದಾಟುತ್ತದೆ. ಹಳಿಯನ್ನೇ ಇನ್ನಷ್ಟು ಎತ್ತರಿಸೋಣವೆಂದರೆ, ನಿಧಾನವಾಗಿ ಬರುವ ಗೂಡ್ಸ್ ಗಾಡಿ, ಸಿಗ್ನಲ್‌ಗಾಗಿ ಅಲ್ಲೇ ನಿಂತ ಪ್ಯಾಸೆಂಜರ್ ಗಾಡಿ ಒಳಮಗ್ಗುಲಿಗೆ ಜೋಲುತ್ತವೆ. ಹಾಗಾಗಿ ಕೊರತೆ ಬಿದ್ದ ಐದು ಡಿಗ್ರಿಯನ್ನು ಬೋಗಿಯೇ ತನ್ನ ಚಕ್ರಗಳ ಚೌಕಟ್ಟಿನ ಮೇಲೆ ಓರೆಯಾಗಿ ತುಂಬಿಕೊಡುತ್ತದೆ. ಕೂತವರಿಗೆ ಪಕ್ಕಕ್ಕೆ ಎಳೆದಂತಾಗುವುದಿಲ್ಲ, ಮೈ ಸೀಟಿಗೆ ಕೊಂಚ ಒತ್ತಿದಂತಾಗುತ್ತದೆ ಅಷ್ಟೆ.

ಆದರೆ ಹಳಿಯ ಮೇಲೆ ಬೀಳುವ ಬಲ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಇನ್ನು ಮಗುಚುವ ಲೆಕ್ಕ ನೋಡೋಣ. ಚಕ್ರಗಳು ಹಳಿಯನ್ನು ಮುಟ್ಟುವ ಜಾಗದಿಂದ ನಡುಗೆರೆಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಗುರುತ್ವ ಕೇಂದ್ರ 1.3 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಸ್ಪ್ರಿಂಗುಗಳ ಅಲುಗಾಟ, ಅಡ್ಡಗಾಳಿಗಳನ್ನು ಬಿಟ್ಟು, 600 ಮೀಟರ್ ತಿರುವಿನಲ್ಲಿ ರೈಲು ಮಗುಚಲು 200 ಕಿ.ಮೀ. ಆಸುಪಾಸಿನ ವೇಗ ಬೇಕು. ನಾವು ಹೇಳುತ್ತಿರುವುದು 120. ಮಧ್ಯೆ ಬೇಕಾದಷ್ಟು ಅಂತರವಿದೆ. ಆ ಅಂತರ ಉಳಿಯಬೇಕೆಂದೇ ಈ ರೈಲುಗಳನ್ನು ತಗ್ಗಾಗಿ, ಹಗುರವಾಗಿ ಕಟ್ಟುತ್ತಾರೆ. 1973ರಲ್ಲಿ ನಗೋಯಾ–ನಗಾನೊ ನಡುವಿನ ‘ಶಿನಾನೊ’ ಎಕ್ಸ್‌ಪ್ರೆಸ್ಸಿಗೆ ಬಂದ 381 ಸರಣಿಯಲ್ಲಿ ಬೋಗಿ ಅಲ್ಯುಮಿನಿಯಂನದು. ಏರ್ ಕಂಡೀಷನರ್ ಕೂಡ ಛಾವಣಿಯಿಂದ ಇಳಿದು ನೆಲದಡಿ ಸೇರಿತು.

ಅದೇ ಅಂದಾಜನ್ನು 300 ಮೀಟರ್ ತಿರುವಿಗೆ ಹಾಕಿದರೆ ಬರುವ ಅಂಕಿ 140ರಷ್ಟು. 2018ರ ಅಕ್ಟೋಬರಿನಲ್ಲಿ ತೈವಾನಿನ ಯಿಲಾನ್ ಪ್ರಾಂತ್ಯದಲ್ಲಿ ಆದದ್ದು ಇದೇ. ಹೆಚ್ಚುಕಡಿಮೆ ಅಷ್ಟೇ ತ್ರಿಜ್ಯದ, 75 ಕಿ.ಮೀ. ಮಿತಿಯ ತಿರುವಿಗೆ ‘ಪುಯುಮ’ ಎಕ್ಸ್‌ಪ್ರೆಸ್ ಸುಮಾರು 140ರಲ್ಲಿ ನುಗ್ಗಿತು. 18 ಜನ ತೀರಿಕೊಂಡರು. ಅದು ವಾಲುವ ರೈಲೇ, ಆದರೆ ಉರುಳಿಸಿದ್ದು ವೇಗ. ವೇಗ ಮಿತಿ ಮೀರದಂತೆ ತಡೆಯುವ ರಕ್ಷಣಾ ವ್ಯವಸ್ಥೆ ಆಗ ಬಂದ್ ಆಗಿತ್ತು.

ನನಗೆ ತುಂಬ ಇಷ್ಟವಾದದ್ದು ವಾಲಿಸುವ ವಿದ್ಯೆಯ ಕಥೆ. 381 ಸರಣಿಯಲ್ಲಿ ಬೋಗಿಯನ್ನು ಉರುಳೆಗಳ ಮೇಲೆ ಕೂರಿಸಿದ್ದರು, ಮೋಟಾರು ಇರಲಿಲ್ಲ. ಹೊರಳುವ ಕೇಂದ್ರವನ್ನು ಗುರುತ್ವ ಕೇಂದ್ರಕ್ಕಿಂತ ಮೇಲೆ ಇಟ್ಟದ್ದರಿಂದ ತಿರುವಿನ ಬಲವೇ ಬೋಗಿಯ ಕೆಳಭಾಗವನ್ನು ಲೋಲಕದಂತೆ ಹೊರಕ್ಕೆ ತೂಗುತ್ತಿತ್ತು. ಕೇಳಲು ಚೆಂದ. ಆದರೆ ಉರುಳೆಗಳಿಗೂ ಘರ್ಷಣೆ ಉಂಟು: ತಿರುವು ಶುರುವಾದರೂ ಬೋಗಿ ಒಂದು ಕ್ಷಣ ಹಟ ಹಿಡಿದು ನಿಂತು, ಆಮೇಲೆ ಥಟ್ಟನೆ ವಾಲುತ್ತಿತ್ತು, ತಿರುವು ಮುಗಿದ ಮೇಲೂ ತಡವಾಗಿ ನೆಟ್ಟಗಾಗುತ್ತಿತ್ತು. ಪ್ರಯಾಣಿಕರಿಗೆ ಹೊಟ್ಟೆ ತೊಳಸಿತು. ರೈಲಿನಲ್ಲಿ ವಾಂತಿ ಚೀಲ ಇಡಬೇಕಾಯಿತು.

ಪರಿಹಾರ ಬಂದದ್ದು ಗುಡ್ಡಗಾಡಿನ ಶಿಕೊಕು ದ್ವೀಪದಿಂದ. ಅಲ್ಲಿ 1989ರಲ್ಲಿ ಹೊರಬಂದ 2000 ಸರಣಿಯ ಡೀಸೆಲ್ ರೈಲು ಮಾರ್ಗದ ತಿರುವುಗಳ ಪಟ್ಟಿಯನ್ನೇ ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿತ್ತು. ಚಕ್ರ ಎಷ್ಟು ಸುತ್ತು ಸುತ್ತಿತು ಎಂದು ಎಣಿಸುತ್ತ, ಹಳಿಯ ನಡುವಿನ ಸಿಗ್ನಲ್ ಸಾಧನಗಳನ್ನು ದಾಟಿದಾಗಲೆಲ್ಲ ಎಣಿಕೆ ಸರಿಪಡಿಸಿಕೊಳ್ಳುತ್ತ, ತಾನು ಎಲ್ಲಿದ್ದೇನೆಂದು ಅದು ತಿಳಿದುಕೊಳ್ಳುತ್ತದೆ. ತಿರುವು ಇನ್ನೂ ಮುಂದಿರುವಾಗಲೇ ಗಾಳಿಯ ಒತ್ತಡದ ಸಿಲಿಂಡರ್ ಬೋಗಿಯನ್ನು ಮೆಲ್ಲಗೆ ಓರೆ ಮಾಡತೊಡಗುತ್ತದೆ. ವಾಲುವ ಕೋನ ಹಿಂದಿನಷ್ಟೇ, ಶುರುವಾಗುವ ಹೊತ್ತು ಮಾತ್ರ ಸರಿಹೋಯಿತು.

ಅದೇ ಶಿಕೊಕುವಿನಲ್ಲಿ ಮುಂದೆ ಖರ್ಚು ಉಳಿಸಲು, ಉರುಳೆ ಬಿಟ್ಟು, ಗಾಳಿ ಸ್ಪ್ರಿಂಗಿನ ಒಂದು ಬದಿಯನ್ನು ಉಬ್ಬಿಸಿ ಕೊಂಚ ವಾಲಿಸುವ 2600 ಸರಣಿಯನ್ನು ಕಟ್ಟಿದರು. ಬೆನ್ನುಬೆನ್ನಿಗೆ ತಿರುವುಗಳಿರುವ ದೊಸಾನ್ ಮಾರ್ಗಕ್ಕೆ ಒಯ್ದಾಗ ಗಾಳಿ ಸಾಲದೆ ಹೋಯಿತು. ಹಾಗಾಗಿ 2019ರ 2700 ಸರಣಿ ಮತ್ತೆ ಲೋಲಕಕ್ಕೇ ಮರಳಿತು. ಒಕಾಯಾಮ–ಇಝುಮೊ ನಡುವಿನ ‘ಯಾಕುಮೊ’ ಎಕ್ಸ್‌ಪ್ರೆಸ್ಸಿನಲ್ಲಿ ಹಳೆಯ 381ಗಳು 2024ರವರೆಗೂ ದುಡಿದು ಹೊಸ 273 ಸರಣಿಗೆ ಜಾಗ ಬಿಟ್ಟವು. ಅದೂ ಲೋಲಕದ್ದೇ.

ಸಮಯದ ಉಳಿತಾಯ ಕೇಳಿ: 1994ರಲ್ಲಿ ಹೊಕ್ಕೈಡೊದ ವಾಲುವ ರೈಲು ‘ಸೂಪರ್ ಹೊಕುತೊ’ ಸಪ್ಪೊರೊ–ಹಕೊಡಾಟೆ ನಡುವಿನ ಸುಮಾರು 319 ಕಿ.ಮೀ. ದೂರವನ್ನು 2 ಗಂಟೆ 59 ನಿಮಿಷದಲ್ಲಿ ಮುಗಿಸಿತು. ಸರಾಸರಿ 107 ಕಿ.ಮೀ., ಅದೂ ಡೀಸೆಲ್ ರೈಲು! ಆದರೆ ಹಳಿಯ ಮೇಲಿನ ಹೊರೆ ತಪ್ಪಲಿಲ್ಲ ಎಂದೆನಲ್ಲ, ಅದನ್ನು ಹೊರುವುದು ನಿರ್ವಹಣೆಯವರು. ಹಳಿ, ಗಾಡಿಗಳ ನಿರ್ವಹಣೆಯ ತೊಂದರೆಗಳು ಹೊರಬಿದ್ದ ಮೇಲೆ 2013ರಲ್ಲಿ ಅಲ್ಲಿ ವೇಗ ಇಳಿಸಿದರು.

ಕಿರಿದಾದ ಹಳಿಯಿಂದ ವೇಗ ಅಸಾಧ್ಯ ಎನ್ನುವ ಮಾತೂ ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವಿದ್ಯುತ್ ಟಿಲ್ಟ್ ಟ್ರೇನ್ ಇದೇ 1067 ಮಿ.ಮೀ. ಹಳಿಯ ಮೇಲೆ 1999ರ ಮೇ ತಿಂಗಳಲ್ಲಿ 210 ಕಿ.ಮೀ. ಮುಟ್ಟಿತು, ದಿನನಿತ್ಯದ ಓಡಾಟದಲ್ಲಿ ಅದರ ಗರಿಷ್ಠ ವೇಗ 160. ದಕ್ಷಿಣ ಆಫ್ರಿಕಾದಲ್ಲಿ 1978ರಲ್ಲಿ, ವಾಲುವ ಗೊಡವೆಯೇ ಇಲ್ಲದೆ, ಒಂದು ವಿದ್ಯುತ್ ಎಂಜಿನ್ ಅಷ್ಟೇ ಅಗಲದ ಹಳಿಯ ಮೇಲೆ 245 ಕಿ.ಮೀ. ಓಡಿದೆ. ಜಪಾನಿನವರು 130ಕ್ಕೆ ನಿಂತದ್ದಕ್ಕೆ ದೊಡ್ಡ ಕಾರಣ ಲೆವೆಲ್ ಕ್ರಾಸಿಂಗ್: ತುರ್ತು ಬ್ರೇಕ್ ಹಾಕಿದರೆ 600 ಮೀಟರಿನೊಳಗೆ ನಿಲ್ಲಬೇಕು ಎಂಬ ನಿಯಮ ಅಲ್ಲಿತ್ತು.

ಈಗ ನಿಮ್ಮ ಘಾಟಿ. 1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ತಿಯಾದ ಹಾಸನ–ಮಂಗಳೂರು ಮಾರ್ಗ ಈಗ ಬ್ರಾಡ್ ಗೇಜ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 50 ಮೀಟರಿಗೆ ಒಂದು ಮೀಟರಿನಂತೆ ಇಳಿಜಾರು. ಅಲ್ಲಿ ರೈಲು ಮೆಲ್ಲಗೆ ಹೋಗುವುದು ಆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕಾದ್ದರಿಂದ, ಗುಡ್ಡ ಕುಸಿಯುವ ಭಯದಿಂದ. ಗಂಟೆಗೆ 30 ಕಿ.ಮೀ. ವೇಗದಲ್ಲಿ 200 ಮೀಟರ್ ತ್ರಿಜ್ಯದ ಬಿಗಿ ತಿರುವಿಗೂ ಎರಡು ಡಿಗ್ರಿ ಓರೆ ಸಾಕು, ಅದನ್ನು ಹಳಿಯ ಕ್ಯಾಂಟೇ ಕೊಡುತ್ತದೆ. ವಾಲುವ ಬೋಗಿಗೆ ಅಲ್ಲಿ ಮಾಡಲು ಕೆಲಸವಿಲ್ಲ. 2018ರ ಆಗಸ್ಟಿನಲ್ಲೂ 2024ರ ಜುಲೈಯಲ್ಲೂ ಮಣ್ಣು ಕುಸಿದು ಈ ದಾರಿಯಲ್ಲಿ ರೈಲು ನಿಂತದ್ದು ನಿಮಗೆ ಗೊತ್ತೇ ಇದೆ. ಇಲ್ಲಿ ಹಣ ಹಾಕುವುದಾದರೆ ಮೊದಲು ಗುಡ್ಡದ ಮಗ್ಗುಲು ಭದ್ರಪಡಿಸುವುದಕ್ಕೆ, ಮಳೆನೀರು ಹರಿದುಹೋಗುವ ಚರಂಡಿಗಳಿಗೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.