ಜಾವಾ ಪಾಠ: ಕ್ಲಾಸಿನೊಳಗೆ ಕ್ಲಾಸ್

ಜಾವಾದಲ್ಲಿ ಕ್ಲಾಸ್ ಬರೆಯೋದು ನಿಮಗೆ ಗೊತ್ತು. ಒಂದು ಕ್ಲಾಸಿನ ಒಳಗೇ ಇನ್ನೊಂದನ್ನು ಬರೆಯುವ ಸೌಲಭ್ಯ 1997ರಲ್ಲಿ ಜಾವಾ 1.1ರ ಜೊತೆ ಬಂತು. ಇದು ಯಾಕೆ ಬೇಕು? ಅಡಿಗೆಮನೆಯ ಸೌಟನ್ನು ಯಾರೂ ಜಗಲಿಯಲ್ಲಿ ನೇತುಹಾಕುವುದಿಲ್ಲ. ಬೇಕಾದ ಕಡೆಯೇ ಇರಬೇಕು. ಕ್ಲಾಸಿಗೂ ಇದೇ ನಿಯಮ.

'ಅಂಕಪಟ್ಟಿ' ಎಂಬ ಕ್ಲಾಸ್ ತಗೊಳ್ಳಿ. ಹೌದು, ಜಾವಾದಲ್ಲಿ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಡಬಹುದು. ಮೀಸಲು ಪದಗಳು ಮಾತ್ರ ಇಂಗ್ಲಿಷಿನವು.

1. ನೆಸ್ಟೆಡ್ ಕ್ಲಾಸ್: ಒಬ್ಬರ ಹೆಸರು, ಅಂಕ ಇಡಲು 'ಸಾಲು' ಎಂಬ ಕ್ಲಾಸ್ ಬೇಕು. ಪಟ್ಟಿಯ ಎಲ್ಲ ಮೆಥಡ್‌ಗಳೂ ಅದನ್ನು ಬಳಸುತ್ತವೆ. ಹಾಗಾಗಿ ಅದನ್ನು ಅಂಕಪಟ್ಟಿಯ ಒಳಗೇ ಬರೆಯಿರಿ, ಮುಂದೆ 'ಸ್ಟ್ಯಾಟಿಕ್' ಸೇರಿಸಿ. ಸ್ಟ್ಯಾಟಿಕ್ ಬಿಟ್ಟರೆ ಪ್ರತಿ ಸಾಲೂ ಒಂದು ಪಟ್ಟಿಗೆ ಅಂಟಿಕೊಳ್ಳುತ್ತದೆ. ಆಗ ಪಟ್ಟಿಯ ಫೀಲ್ಡ್‌ಗಳನ್ನು ನೇರವಾಗಿ ಬಳಸಬಹುದು, ನಿಜ. ಆದರೆ ಹಾಗೆ ಬಳಸುವ ಒಂದೇ ಸಾಲು ಉಳಿದಿದ್ದರೂ ಇಡೀ ಪಟ್ಟಿ ಮೆಮೊರಿಯಲ್ಲೇ ಕೂತಿರುತ್ತದೆ!

2. ಲೋಕಲ್ ಕ್ಲಾಸ್: ಫಲಿತಾಂಶ ಮುದ್ರಿಸುವ ಒಂದೇ ಮೆಥಡ್‌ಗೆ 'ಶ್ರೇಣಿ' ಬೇಕೆನ್ನಿ. ಆ ಮೆಥಡ್ ಒಳಗೇ ಬರೆಯಿರಿ. ಮೆಥಡ್ ಹೊರಗೆ ಆ ಹೆಸರು ಯಾರಿಗೂ ಗೊತ್ತಾಗದು.

3. ಅನಾನಿಮಸ್ ಕ್ಲಾಸ್: ಪಟ್ಟಿಯನ್ನು ಅಂಕದ ಪ್ರಕಾರ ಜೋಡಿಸೋದು ಒಂದೇ ಸಲ. ಅದಕ್ಕೆ ಹೆಸರೇಕೆ? 'ನ್ಯೂ ಕಂಪ್ಯಾರೇಟರ್' ಎಂದು ಬರೆದು, ಪುಷ್ಪಾವರಣದೊಳಗೆ 'ಕಂಪೇರ್' ಮೆಥಡ್ ಕೊಟ್ಟರೆ ಕ್ಲಾಸೂ ವಸ್ತುವೂ ಒಟ್ಟಿಗೇ ಸಿದ್ಧ. ಮೊದಲನೆಯ ಸಾಲು ಮುಂದೆ ಬರಬೇಕಾದರೆ ಕಂಪೇರ್ ಋಣಸಂಖ್ಯೆ ಕೊಡಬೇಕು, ಹಿಂದೆ ಹೋಗಬೇಕಾದರೆ ಧನಸಂಖ್ಯೆ. ಹೆಚ್ಚು ಅಂಕ ಮೇಲೆ ಬರಬೇಕಾದರೆ 91 ಮತ್ತು 78ಕ್ಕೆ ಉತ್ತರ ಏನಿರಬೇಕು? ಋಣಸಂಖ್ಯೆ.

ಎಚ್ಚರಿಕೆ: ಮೆಥಡ್‌ನ ಲೋಕಲ್ ವೇರಿಯೇಬಲ್ ಒಂದನ್ನು ಲೋಕಲ್ ಅಥವಾ ಅನಾನಿಮಸ್ ಕ್ಲಾಸಿನಲ್ಲಿ ಬಳಸಿದರೆ, ಅದರ ಬೆಲೆಯನ್ನು ಮತ್ತೆ ಬದಲಿಸುವಂತಿಲ್ಲ. ಬದಲಿಸಿದರೆ ಕಂಪೈಲರ್ ಒಪ್ಪದು. ಕಾರಣ ಸರಳ. ಮೆಥಡ್ ಮುಗಿದಾಗ ವೇರಿಯೇಬಲ್ ಅಳಿದುಹೋಗುತ್ತದೆ, ವಸ್ತು ಮಾತ್ರ ಉಳಿಯಬಹುದು. ಅದಕ್ಕೇ ವಸ್ತುವಿಗೆ ಸಿಗೋದು ಬೆಲೆಯ ನಕಲು. ಅಸಲು ಒಂದು, ನಕಲು ಇನ್ನೊಂದು ಹೇಳಿದರೆ ಯಾವುದನ್ನು ನಂಬೋದು?

ಮಾಡಿ ನೋಡಿ: ಮೂರನ್ನೂ ಬರೆದು, ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ ಕಂಪೈಲ್ ಮಾಡಿ. ಫೋಲ್ಡರಿನಲ್ಲಿ ಅಂಕಪಟ್ಟಿಯ ಜೊತೆಗೆ 'ಅಂಕಪಟ್ಟಿ$ಸಾಲು', 'ಅಂಕಪಟ್ಟಿ$1ಶ್ರೇಣಿ', 'ಅಂಕಪಟ್ಟಿ$1' ಎಂಬ ಕ್ಲಾಸ್ ಫೈಲುಗಳು ಕಾಣಿಸುತ್ತವೆ. ನೀವು ಹೆಸರಿಡದ ಕ್ಲಾಸಿಗೆ ಕಂಪೈಲರೇ ನಂಬರು ಕೊಟ್ಟಿದೆ.

ಮನೆಗೆಲಸ: 2014ರಲ್ಲಿ ಜಾವಾ 8ರ ಜೊತೆ ಬಂದ ಲ್ಯಾಂಬ್ಡಾ ಬಳಸಿ ಮೂರನೆಯದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಹಳೆಯ ಕ್ಲಾಸ್ ಫೈಲುಗಳನ್ನು ಅಳಿಸಿ, ಮತ್ತೆ ಕಂಪೈಲ್ ಮಾಡಿ. ಯಾವ ಫೈಲು ಕಾಣೆಯಾಯಿತು?