ಬಟ್ಟಲಲ್ಲೇ ಮದ್ದು: ಕಿಡ್ನಿ ಸೋತ ನಾಯಿಗೆ ಊಟದ ಸೂತ್ರಗಳು

ನಾಯಿ ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತಿದೆ, ರಾತ್ರಿ ಎದ್ದು ಬಾಗಿಲು ಕೆರೆಯುತ್ತಿದೆ, ಒಂದೊಂದು ದಿನ ಬೆಳಿಗ್ಗೆ ಹಳದಿ ನೊರೆ ಕಕ್ಕುತ್ತಿದೆ. ‘ವಯಸ್ಸಾಯ್ತು ಬಿಡಿ’ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಹೋಗಿರಬಹುದು. ಹೋದದ್ದು ಮರಳಿ ಬರುವುದಿಲ್ಲ. ಉಳಿದ ಕಾಲು ಪಾಲನ್ನು ಎಷ್ಟು ದಿನ ದುಡಿಸಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀವು ಇಡುವ ಊಟ.

1. ಮೊದಲು ಅಂಕಿ, ಆಮೇಲೆ ಅಡುಗೆ

‘ಕಿಡ್ನಿ ಸ್ವಲ್ಪ ವೀಕ್’ ಎಂಬ ಮಾತಿಗೆ ತೃಪ್ತರಾಗಬೇಡಿ. ರಕ್ತದ ಕ್ರಿಯಾಟಿನಿನ್ ಡೆಸಿಲೀಟರಿಗೆ 1.4ರಿಂದ 2.8 ಮಿಲಿಗ್ರಾಂ ಇದ್ದರೆ ಕಾಯಿಲೆಯ ಎರಡನೇ ಹಂತ, 5ರವರೆಗೆ ಮೂರನೆಯದು, ಅದನ್ನು ದಾಟಿದರೆ ನಾಲ್ಕನೆಯದು. ಜೊತೆಗೆ ಫಾಸ್ಫರಸ್, ಪೊಟ್ಯಾಸಿಯಂ, ಮೂತ್ರದಲ್ಲಿ ಹೋಗುವ ಪ್ರೋಟೀನ್, ರಕ್ತದೊತ್ತಡ ಎಷ್ಟೆಂದು ಕೇಳಿ. ಎರಡನೇ ಹಂತದ ನಾಯಿಯ ಊಟವೇ ಬೇರೆ, ನಾಲ್ಕನೆಯದರದ್ದೇ ಬೇರೆ. ಉಣ್ಣಿ ಕಚ್ಚಿ ಬರುವ ಜ್ವರ, ಇಲಿಜ್ವರ ಕೂಡ ಕಿಡ್ನಿಯನ್ನು ಕೆಡಿಸುತ್ತವೆ. ಅವು ಇದ್ದರೆ ಪಥ್ಯದ ಜೊತೆ ಆ ಚಿಕಿತ್ಸೆಯೂ ಬೇಕು.

2. ಫಾಸ್ಫರಸ್ ಮೇಲೆ ಕಣ್ಣಿಡಿ

ಎಲ್ಲರೂ ಪ್ರೋಟೀನ್ ಎಂದು ಹೆದರುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲ ಶತ್ರು ಫಾಸ್ಫರಸ್. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದಷ್ಟೂ ಉಳಿದ ಕಿಡ್ನಿ ಬೇಗ ಸವೆಯುತ್ತದೆ. ಎರಡನೇ ಹಂತದಲ್ಲಿ ಡೆಸಿಲೀಟರಿಗೆ 4.6 ಮಿಲಿಗ್ರಾಮಿನೊಳಗೆ, ಮೂರನೆಯದರಲ್ಲಿ 5ರೊಳಗೆ, ನಾಲ್ಕನೆಯದರಲ್ಲಿ 6ರೊಳಗೆ ಹಿಡಿದಿಡಬೇಕು.

ನಮ್ಮ ಅಡುಗೆಮನೆಯಲ್ಲಿ ಅದು ಎಲ್ಲೆಲ್ಲಿದೆ? ಮೂಳೆ, ಲಿವರ್, ಒಣಮೀನು, ಮೊಟ್ಟೆಯ ಹಳದಿ, ಚೀಸ್‌ನಲ್ಲಿ ದಂಡಿಯಾಗಿದೆ. ಹಾಲು ಮೊಸರಿನಲ್ಲೂ ಇದೆ. ನೂರು ಗ್ರಾಂ ಮೊಟ್ಟೆಯ ಬಿಳಿಯಲ್ಲಿ ಸುಮಾರು 15 ಮಿಲಿಗ್ರಾಂ ಇದ್ದರೆ, ಅಷ್ಟೇ ಹಳದಿಯಲ್ಲಿ ಅದರ ಇಪ್ಪತ್ತು ಪಟ್ಟಿಗೂ ಮಿಕ್ಕಿ ಇದೆ. ರಾಗಿ ಮುದ್ದೆ ಉಂಡು ಬೆಳೆದ ನಾಯಿಯ ಯಜಮಾನರಿಗೆ ಬೇಸರವಾಗಬಹುದು, ಆದರೆ ಬಿಳಿ ಅಕ್ಕಿಗಿಂತ ರಾಗಿಯಲ್ಲಿ ಫಾಸ್ಫರಸ್ ಸುಮಾರು ಎರಡು ಪಟ್ಟು. ಮನುಷ್ಯರಿಗೆ ಒಳ್ಳೆಯದೆನಿಸಿದ ಧಾನ್ಯ ಇಲ್ಲಿ ಹಿಂದೆ ಸರಿಯಬೇಕು, ಪಾಲಿಶ್ ಅಕ್ಕಿ ಮುಂದೆ ಬರಬೇಕು.

3. ಪ್ರೋಟೀನ್ ಇಳಿಸಿ, ನಿಲ್ಲಿಸಬೇಡಿ

ಕಿಡ್ನಿ ಎಂದ ಕೂಡಲೇ ಮಾಂಸ ಬಂದ್ ಮಾಡಿ ಬರೀ ಅನ್ನ ಹಾಕುವ ಮನೆಗಳಿವೆ. ಬೇಕಾದ ಪ್ರೋಟೀನ್ ಸಿಗದ ನಾಯಿ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಬೆನ್ನುಮೂಳೆ ಕೈಗೆ ಸಿಗುತ್ತದೆ, ಹಿಂಗಾಲು ನಡುಗುತ್ತದೆ. ಕಡಿಮೆ ಕೊಡಿ, ಕೊಟ್ಟದ್ದು ಉತ್ತಮವಾಗಿರಲಿ. ಬೇಯಿಸಿದ ಮೊಟ್ಟೆಯ ಬಿಳಿಗೆ ಸಮನಾದದ್ದು ಕಡಿಮೆ. ಎಷ್ಟು ಎಂಬುದು ಹಂತ ಮತ್ತು ತೂಕದ ಮೇಲೆ ವೈದ್ಯರು ಹೇಳಬೇಕಾದ ಮಾತು.

4. ಬೇಯಿಸಿದ ನೀರು ಚೆಲ್ಲಿ

ಮೂಳೆ, ಚರ್ಮ ತೆಗೆದ ಕೋಳಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ನೀರು ಬಸಿದುಬಿಡಿ. ಫಾಸ್ಫರಸ್ಸಿನ ಒಂದು ಪಾಲು ಆ ನೀರಿನಲ್ಲಿ ಇಳಿದುಹೋಗಿರುತ್ತದೆ. ‘ಸಾರವೆಲ್ಲ ಅದರಲ್ಲೇ ಇದೆ’ ಎಂದು ಅಜ್ಜಿ ತಡೆಯುತ್ತಾರೆ. ನಿಜ, ಅದಕ್ಕೇ ಚೆಲ್ಲುವುದು. ಕಾಯಿಲೆಯ ನಾಯಿಗೆ ಶಕ್ತಿ ಬರಲೆಂದು ಕೊಡುವ ಕಾಲು ಸೂಪ್ ಇಲ್ಲಿ ನಡೆಯದು.

ಬಸಿದ ಕೋಳಿಗೆ ಮೆತ್ತಗೆ ಬೆಂದ ಅನ್ನ, ಒಂದು ಮೊಟ್ಟೆಯ ಬಿಳಿ, ಸ್ವಲ್ಪ ಬೆಂದ ಸೋರೆಕಾಯಿ ಸೇರಿಸಿ ಕಲಸಿ. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಕ್ಯಾಲೊರಿಗೆ ಒಂದಿಷ್ಟು ಎಣ್ಣೆ ಅಥವಾ ತುಪ್ಪ ಬೆರೆಸಬಹುದು. ಪ್ಯಾಂಕ್ರಿಯಾಸ್ ತೊಂದರೆ ಇರುವ ನಾಯಿಗೆ ಅದೂ ಬೇಡ. ಒಮೆಗಾ-3 ಇರುವ ಮೀನೆಣ್ಣೆಯ ಅಳತೆಯನ್ನು ವೈದ್ಯರಿಂದ ಕೇಳಿ.

ಈ ಊಟ ನಾಲ್ಕಾರು ದಿನಕ್ಕೆ ಸರಿ. ತಿಂಗಳುಗಟ್ಟಲೆ ಇದೇ ಆದರೆ ಕ್ಯಾಲ್ಸಿಯಂ, ವಿಟಮಿನ್, ಖನಿಜ ಕೊರತೆ ಖಂಡಿತ. ಅವುಗಳ ಪೂರಕವನ್ನು ವೈದ್ಯರಿಂದ ಬರೆಸಿಕೊಳ್ಳದೆ ಮನೆಯೂಟ ಮುಂದುವರಿಸಬೇಡಿ.

5. ರೆಡಿ ರೀನಲ್ (ಕಿಡ್ನಿ) ಆಹಾರಕ್ಕೆ ಮೂಗು ಮುರಿಯಬೇಡಿ

ದುಬಾರಿ, ಒಪ್ಪಿದೆ. ಆದರೆ ಕೈ ಅಳತೆಯಲ್ಲಿ ಸಾಧಿಸಲಾಗದ ಸಮತೋಲ ಅದರಲ್ಲಿರುತ್ತದೆ. ಅದರ ಕತೆಯೂ ಹಳೆಯದು. 1940ರ ದಶಕದಲ್ಲಿ ಅಮೆರಿಕದ ಪಶುವೈದ್ಯ ಮಾರ್ಕ್ ಮಾರಿಸ್, ಅಂಧರೊಬ್ಬರ ಮಾರ್ಗದರ್ಶಿ ನಾಯಿ ಬಡ್ಡಿಗಾಗಿ ಇಂಥ ಪಥ್ಯವನ್ನು ರೂಪಿಸಿದರು. ಸಾಧಾರಣ ನಾಯಿ ಆಹಾರ ತಿನ್ನುವ ನಾಯಿಗಳಿಗಿಂತ ಕಿಡ್ನಿ ಪಥ್ಯದ ನಾಯಿಗಳು ಹೆಚ್ಚು ಕಾಲ ಬದುಕಿದ್ದನ್ನು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ‘ಸೀನಿಯರ್’ ಎಂದು ಬರೆದ ಚೀಲ ಕಿಡ್ನಿ ಆಹಾರವಲ್ಲ, ನೆನಪಿಡಿ.

6. ನೀರಿಗೆ ಕಡಿವಾಣ ಹಾಕಬೇಡಿ

ಮನೆಯೊಳಗೆ ಉಚ್ಚೆ ಹೊಯ್ಯುತ್ತದೆಂದು ರಾತ್ರಿ ಬಟ್ಟಲು ಎತ್ತಿಡುವುದು ಕ್ರೌರ್ಯ. ಈ ನಾಯಿ ನೀರನ್ನು ಹಿಡಿದಿಡಲಾರದು, ಕುಡಿಯದಿದ್ದರೆ ಒಂದೇ ರಾತ್ರಿಯಲ್ಲಿ ಹದಗೆಡಬಹುದು. ಎರಡು ಮೂರು ಕಡೆ ನೀರಿಡಿ. ಒಣ ಕಾಳಿನ ಆಹಾರವನ್ನು ಬಿಸಿನೀರಲ್ಲಿ ನೆನೆಸಿ ಕೊಡಿ.

7. ಮುಟ್ಟದ ಪಥ್ಯಕ್ಕಿಂತ ತಿಂದ ಊಟ ಮೇಲು

ಇಲ್ಲೇ ಹೆಚ್ಚಿನವರು ಸೋಲುವುದು. ನಾಯಿ ಬಟ್ಟಲ ಹತ್ತಿರ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಂಡು ಹಿಂದೆ ಸರಿಯುತ್ತದೆ. ಅದು ಹಟವಲ್ಲ, ಓಕರಿಕೆ. ಓಕರಿಕೆಗೆ ಮದ್ದು ಕೊಡಿಸದೆ ಎಷ್ಟು ಬಗೆ ಅಡುಗೆ ಮಾಡಿದರೂ ವ್ಯರ್ಥ. ನಾಯಿ ಸುಸ್ತಾಗಿ ಡ್ರಿಪ್ ಹಾಕಿಸಿಕೊಳ್ಳುತ್ತಿರುವಾಗ ಹೊಸ ಆಹಾರ ಶುರು ಮಾಡಬೇಡಿ, ಆ ವಾಸನೆಯನ್ನೇ ಜನ್ಮಪೂರ್ತಿ ದ್ವೇಷಿಸಬಹುದು. ಚೇತರಿಸಿದ ಮೇಲೆ ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಎರಡು ಮೂರು ವಾರದಲ್ಲಿ ಬದಲಾಯಿಸಿ. ಉಗುರುಬೆಚ್ಚಗೆ ಮಾಡಿ, ದಿನಕ್ಕೆ ಮೂರು ನಾಲ್ಕು ಸಲ ಪುಟ್ಟ ತುತ್ತು ಕೊಡಿ. ಕಹಿ ಮಾತ್ರೆಯನ್ನು ಊಟದಲ್ಲಿ ಹುದುಗಿಸಬೇಡಿ. ಫಾಸ್ಫರಸ್ ಕಟ್ಟಿಹಾಕುವ ಔಷಧ ಮಾತ್ರ ಊಟದ ಜೊತೆಗೇ ಹೋಗಬೇಕು, ಇಲ್ಲದಿದ್ದರೆ ಉಪಯೋಗವಿಲ್ಲ. ಎರಡು ದಿನ ಏನೂ ತಿನ್ನದಿದ್ದರೆ ಪಥ್ಯ ಪಕ್ಕಕ್ಕಿಡಿ, ತಿನ್ನುವುದನ್ನು ಕೊಟ್ಟು ವೈದ್ಯರಲ್ಲಿಗೆ ಓಡಿ.

8. ಮನೆಮಂದಿಯನ್ನೂ ಪಥ್ಯಕ್ಕೆ ಒಪ್ಪಿಸಿ

ಬೆಳಗಿನ ಕಾಫಿ ಜೊತೆ ಒಂದು ಬಿಸ್ಕತ್ತು, ಮಕ್ಕಳ ತಟ್ಟೆಯಿಂದ ಚಿಪ್ಸ್, ಪಕ್ಕದ ಮನೆಯವರು ಪ್ರೀತಿಯಿಂದ ಎಸೆದ ಮೂಳೆ: ದಿನದ ಲೆಕ್ಕ ಅಲ್ಲೇ ತಪ್ಪುತ್ತದೆ. ಹಬ್ಬದ ಪಾಯಸದ ಒಣದ್ರಾಕ್ಷಿಯಂತೂ ಆರೋಗ್ಯವಂತ ನಾಯಿಯ ಕಿಡ್ನಿಯನ್ನೂ ಕೆಡಿಸಬಲ್ಲದು. ಕೊಡಲೇಬೇಕೆನಿಸಿದರೆ ಒಂದು ಚೂರು ಸಿಪ್ಪೆ ತೆಗೆದ ಸೇಬು.

9. ನಿಮ್ಮ ಮಾತ್ರೆ ಡಬ್ಬ ದೂರವಿರಲಿ

ಕುಂಟುತ್ತಿದೆಯೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ಉಳಿದ ಕಿಡ್ನಿಯೂ ಹೋಗುತ್ತದೆ.

10. ತೂಗಿ, ಬರೆದಿಡಿ

ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ, ಕಳೆಯಿರಿ. ವಾರಕ್ಕೊಮ್ಮೆ ಸಾಕು. ಪಥ್ಯ ಶುರುವಾದ ತಿಂಗಳೊಳಗೆ ಮತ್ತೆ ರಕ್ತಪರೀಕ್ಷೆ ಮಾಡಿಸಿ. ಖಾಸಗಿ ಕ್ಲಿನಿಕ್ ಭಾರವೆನಿಸಿದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ.

ಇದನ್ನು ಓದುವಾಗ ‘ನಮ್ಮ ನಾಯಿಯೂ ಈಚೆಗೆ ನೀರು ಜಾಸ್ತಿ ಕುಡಿಯುತ್ತಿದೆಯಲ್ಲ’ ಎನಿಸಿತೇ? ನಾಳೆ ಬೆಳಗಿನ ಮೊದಲ ಮೂತ್ರವನ್ನು ಒಂದು ಶುಭ್ರ ಡಬ್ಬಿಯಲ್ಲಿ ಹಿಡಿದು, ನಾಯಿಯ ಜೊತೆ ವೈದ್ಯರಲ್ಲಿಗೆ ಒಯ್ಯಿರಿ.