ಎಸಿಡಿ ಮುಗಿದಿದೆ, ಹೆಪಾರಿನ್ ಹಾಕಿಬಿಡಲೇ?

ಪ್ರಶ್ನೆ: ಇಂದಿರಾನಗರ ಕಡೆಯ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಕೃತಕ ಮಂಡಿಯಲ್ಲಿ ಸೋಂಕಿದೆಯೇ ಎಂದು ನೋಡಲು ರೋಗಿಯ ಬಿಳಿ ರಕ್ತಕಣಗಳಿಗೆ ಟೆಕ್ನೀಷಿಯಂ ಸೇರಿಸಿ ಸ್ಕ್ಯಾನ್ ಮಾಡುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಸಿರಿಂಜಿಗೆ ಹಾಕುವ ಎಸಿಡಿ ದ್ರಾವಣ ಮುಗಿದಾಗ ‘ಹೆಪಾರಿನ್ ಹಾಕು, ಇಲ್ಲದಿದ್ದರೆ ನೇರಳೆ ಮುಚ್ಚಳದ ಟ್ಯೂಬೇ ಸಾಕು’ ಎನ್ನುತ್ತಾರೆ ಸೀನಿಯರ್. ಎದುರು ಮಾತಾಡಲು ಭಯ. ಏನು ಮಾಡಲಿ?
– ಹಲಸೂರಿನ ಓದುಗರು

ಉತ್ತರ: ನಿಮ್ಮ ಅಳುಕು ಸರಿಯಾಗಿಯೇ ಇದೆ. ಈ ಕೆಲಸಕ್ಕೆ ಮೊದಲ ಆಯ್ಕೆ ಎಸಿಡಿ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವುದು ಇಡಿಟಿಎ. ಸಿಬಿಸಿಗೆ ಅದು ಸರಿ. ಅಲ್ಲಿ ಕಣಗಳನ್ನು ಎಣಿಸಿ ಚೆಲ್ಲುತ್ತಾರೆ. ನಿಮ್ಮಲ್ಲಿ ಅವು ಜೀವಂತವಾಗಿ ರೋಗಿಯ ರಕ್ತಕ್ಕೆ ಮರಳಬೇಕು, ಸೋಂಕಿರುವ ಜಾಗವನ್ನು ತಾವೇ ಹುಡುಕಿಕೊಂಡು ಹೋಗಬೇಕು. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಬಿಗಿಯಾಗಿ ಹಿಡಿದಿಟ್ಟು ಕಣಗಳ ಶಕ್ತಿಯನ್ನೇ ಕುಂದಿಸುತ್ತದೆ. ಅದು ಬೇಡವೇ ಬೇಡ. ಹೆಪಾರಿನ್ ಬಳಸಿದವರಿದ್ದಾರೆ. ಆದರೆ ಅದರಲ್ಲಿ ಕಣಗಳು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವುದು, ಗುಂಪುಗಟ್ಟುವುದು ಹೆಚ್ಚು. ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದ ಇತಿಹಾಸವಿರುವ ರೋಗಿಗಂತೂ ಅದು ಅಪಾಯ. ಎಸಿಡಿಯ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದು ಹೆಪ್ಪುಗಟ್ಟದಂತೆ ತಡೆಯುತ್ತದೆ, ಜೊತೆಗಿರುವ ಗ್ಲೂಕೋಸ್ ಕಣಗಳಿಗೆ ಆಹಾರವಾಗುತ್ತದೆ. ಸಿರಿಂಜಿಗೆ ಮೊದಲು 9 ಮಿ.ಲೀ. ಎಸಿಡಿ, ಆಮೇಲೆ 51 ಮಿ.ಲೀ. ರಕ್ತ; ದಪ್ಪ ಸೂಜಿ, ನಿಧಾನ ಸೆಳೆತ. ಕುಲುಕಬೇಡಿ, ಮೆಲ್ಲಗೆ ಮೇಲೆಕೆಳಗೆ ತಿರುಗಿಸಿ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕಣಗಳು ಹಾಳಾದರೂ ಸ್ಕ್ಯಾನ್ ಚಿತ್ರ ಬಂದೇ ಬರುತ್ತದೆ. ಗುಂಪುಗಟ್ಟಿದವು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ, ಸೊರಗಿದವು ಯಕೃತ್ತಿಗೆ ಹೋಗಿ ಸೇರುತ್ತವೆ, ಮಂಡಿ ಮಾತ್ರ ಖಾಲಿ ಕಾಣುತ್ತದೆ. ‘ಸೋಂಕಿಲ್ಲ’ ಎಂಬ ವರದಿ ಹಿಡಿದು ಆ ಮನುಷ್ಯ ಕೀವು ತುಂಬಿದ ಮಂಡಿಯಲ್ಲೇ ಮನೆಗೆ ನಡೆಯುತ್ತಾನೆ. ಮೊದಲ ಚಿತ್ರದಲ್ಲಿ ಶ್ವಾಸಕೋಶ ಬೆಳಗುವುದು ಸಹಜ. ಮೂರು-ನಾಲ್ಕು ಗಂಟೆಯ ಚಿತ್ರದಲ್ಲೂ ಹಾಗೇ ಇದ್ದರೆ ಲೇಬಲಿಂಗ್ ಮೇಲೆ ಅನುಮಾನಪಡಿ, ವೈದ್ಯರಿಗೆ ಹೇಳಿ.

ಸೀನಿಯರ್ ಜೊತೆ ವಾದಕ್ಕಿಳಿಯಬೇಡಿ. ‘ಸಾರ್, ಎಸಿಡಿ ತರಿಸೋಣ, ಬ್ಲಡ್ ಬ್ಯಾಂಕಿನಲ್ಲಿ ನಾನೇ ಕೇಳಿ ಬರ್ತೀನಿ’ ಎನ್ನಿ. ಯಂತ್ರದಿಂದ ಪ್ಲೇಟ್‌ಲೆಟ್ ತೆಗೆಯುವ ರಕ್ತನಿಧಿಗಳಲ್ಲಿ ಎಸಿಡಿ-ಎ ದಿನಬಳಕೆಯ ವಸ್ತು. ಸಾಮಾನ್ಯ ರಕ್ತದ ಚೀಲದಲ್ಲಿರುವುದು ಸಿಪಿಡಿಎ, ಅದು ಬೇರೆ. ಲೇಬಲ್ ಓದಿ ತನ್ನಿ. ಅವರು ಒಪ್ಪದಿದ್ದರೆ ವಿಭಾಗದ ವೈದ್ಯರ ಬಳಿ ನೇರವಾಗಿ ಹೋಗಿ, ವರದಿಗೆ ಸಹಿ ಹಾಕುವವರು ಅವರೇ.

ದಾಸ್ತಾನನ್ನು ಹಿಂದಿನ ದಿನವೇ ನೋಡಿಬಿಡಿ. ಎಸಿಡಿ ಇಲ್ಲವೆಂದಾದರೆ ರೋಗಿಗೆ ಅಂದೇ ಸಂಜೆ ಫೋನ್ ಮಾಡಿ ದಿನ ಬದಲಿಸಿ. 24 ಗಂಟೆಯ ಚಿತ್ರಕ್ಕೆ ಮರುದಿನವೂ ಬರಬೇಕಾದವರು ಅವರು, ಕೆ.ಆರ್. ಪುರದಿಂದ ನೋಯುವ ಮಂಡಿಯಲ್ಲಿ ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ಬಂದಮೇಲೆ ‘ಇವತ್ತು ಆಗಲ್ಲ’ ಎನ್ನುವ ಪರಿಸ್ಥಿತಿ ಬರಬಾರದು.